ಒಡಕು ದನಿಯ ಚರಿತ್ರೆ

ಕಳೆದ ಮಳೆಗಾಲದಲ್ಲಿ ನನ್ನ ತಂಗಿಯ ಮೊಮ್ಮಗ ಒಂದು ತಗಡಿನ ಪೆಟ್ಟಿಗೆಯನ್ನು ತಂದು ನನ್ನ ಮುಂದಿಟ್ಟ. ಅಂಗೈಯಗಲದ ಪೆಟ್ಟಿಗೆ, ಮೇಲೆ ಮೂರು ತಿರುಗಣೆ, ಕಾಲಿನಿಂದ ತುಳಿಯಲು ಒಂದು ಗುಂಡಿ. ಹುಡುಗ ವಿದ್ಯುತ್ ಗಿಟಾರು ಬಾರಿಸುತ್ತಾನೆ. ಒಳಗಿನ ತಂತಿಯೊಂದು ಬಿಟ್ಟುಹೋಗಿದೆ, ಬೆಸೆದುಕೊಡಿ ಎಂದ. ಆಯುಸ್ಸಿನ ಬಹುಭಾಗವನ್ನು ರೇಡಿಯೋ ರಿಪೇರಿಯಲ್ಲೇ ಕಳೆದ ನನಗೆ ಅದೇನು ದೊಡ್ಡ ಕೆಲಸವೇ? ಬೆಸುಗೆ ಕಡ್ಡಿಯನ್ನು ಕಾಯಲಿಟ್ಟು ಪೆಟ್ಟಿಗೆ ಬಿಚ್ಚಿದೆ. ದನಿ ಹಾದುಹೋಗುವ ದಾರಿಯಿಂದ ನೆಲದ ತಂತಿಗೆ ಎರಡು ಡಯೋಡುಗಳನ್ನು ಸೇರಿಸಿದ್ದರು. ಒಂದರ ಮುಖ ಅತ್ತ, ಇನ್ನೊಂದರ ಮುಖ ಇತ್ತ. ನೋಡಿದವನೇ, “ಇದನ್ನು ಯಾರೋ ತಪ್ಪಾಗಿ ಹಾಕಿದ್ದಾರಪ್ಪಾ. ದನಿಯ ತಲೆಯನ್ನೇ ಕತ್ತರಿಸಿಬಿಡುತ್ತದೆ” ಎಂದೆ. ಹುಡುಗ ನಕ್ಕು, “ಅಜ್ಜ, ಈ ಪೆಟ್ಟಿಗೆಯ ಕೆಲಸವೇ ಅದು” ಎಂದ.

ನಾನು ಸುಮ್ಮನಾದೆ. ನಮ್ಮ ಅಂಗಡಿಗೆ ಬರುತ್ತಿದ್ದ ದೂರುಗಳಲ್ಲಿ ಮೊದಲನೆಯದೇ “ದನಿ ಒಡೆಯುತ್ತಿದೆ” ಎಂಬುದು. ಆ ಒಡಕನ್ನು ಹುಡುಕಿ ಕಳೆಯುವುದೇ ನನ್ನ ಅನ್ನವಾಗಿತ್ತು. ಈಗ ನೋಡಿದರೆ, ಅದೇ ಒಡಕನ್ನು ಪೆಟ್ಟಿಗೆಯಲ್ಲಿ ತುಂಬಿ ಮಾರುತ್ತಾರೆ, ಹುಡುಗರು ದುಡ್ಡು ಕೊಟ್ಟು ಕೊಳ್ಳುತ್ತಾರೆ! ಇದು ಹೇಗೆ ಬಂತು ಎಂಬ ಕುತೂಹಲದಿಂದ ಹಿಂದಿನದನ್ನು ಕೆದಕುತ್ತ ಹೋದೆ. ಕೆದಕಿದಷ್ಟೂ ಸ್ವಾರಸ್ಯ ಹೆಚ್ಚಿತು. ಅದನ್ನು ಓದುಗರೊಡನೆ ಹಂಚಿಕೊಳ್ಳುವ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ದನಿ ಒಡೆಯುವುದು ಎಂದರೇನು? ಗಿಟಾರಿನ ತಂತಿ ಮಿಡಿದಾಗ ಹುಟ್ಟುವ ವಿದ್ಯುತ್ತು ಗುಡ್ಡ ಕಣಿವೆಗಳಂತೆ ಏರಿಳಿಯುವ ಒಂದು ಅಲೆ. ಅದರ ಎತ್ತರ ಒಂದು ವೋಲ್ಟಿನ ಹತ್ತನೆಯ ಒಂದು ಭಾಗವೆಂದುಕೊಳ್ಳಿ. ಅದನ್ನು ವರ್ಧಕಕ್ಕೆ ಕೊಟ್ಟು 200 ಪಟ್ಟು ಹಿಗ್ಗಿಸಲು ಹೊರಟರೆ ಗುಡ್ಡ 20 ವೋಲ್ಟಿನ ಎತ್ತರಕ್ಕೆ ಏಳಬೇಕು. ಆದರೆ ವರ್ಧಕಕ್ಕೆ ಉಣಿಸಿರುವ ಬ್ಯಾಟರಿಯೇ 9 ವೋಲ್ಟಿನದಾದರೆ? ಸೂರು ತಗ್ಗಾದ ಮನೆಗೆ ಎತ್ತರದ ನೆಂಟ ಬಂದಂತೆ. ಗುಡ್ಡದ ತುದಿ ಸೂರಿಗೆ ಬಡಿದು ಚಪ್ಪಟೆಯಾಗುತ್ತದೆ. ಕಣಿವೆಯ ತಳಕ್ಕೂ ಅದೇ ಗತಿ. ದುಂಡಗಿದ್ದ ಅಲೆ ಕೋಟೆಯ ತೆನೆಗಳಂತೆ ಚೌಕಾಕಾರ ತಳೆಯುತ್ತದೆ.

ಆಕಾರ ಬದಲಾದರೆ ದನಿಯೇಕೆ ಬದಲಾಗಬೇಕು? ಇದಕ್ಕೆ ಉತ್ತರ ಕೊಟ್ಟವನು ಫ್ರಾನ್ಸಿನ ಗಣಿತಜ್ಞ ಫೂರಿಯೇ. ಶಾಖದ ಹರಿವನ್ನು ಕುರಿತು 1822ರಲ್ಲಿ ಅವನು ಪ್ರಕಟಿಸಿದ ಗ್ರಂಥದ ಗಣಿತ ದನಿಗೂ ಸಲ್ಲುತ್ತದೆ. ಮರುಕಳಿಸುವ ಯಾವ ಅಲೆಯಾದರೂ ಹಲವು ಸರಳ ಅಲೆಗಳ ಕೂಟವೇ. ಸೆಕೆಂಡಿಗೆ 110 ಸಲ ಕಂಪಿಸುವ ಒಂದು ಶುದ್ಧ ಸ್ವರದ ತಲೆಯನ್ನೂ ಬುಡವನ್ನೂ ಸಮನಾಗಿ ಕತ್ತರಿಸಿ ಪೂರಾ ಚೌಕ ಮಾಡಿದರೆ ಅದರೊಳಗಿಂದ 330, 550, 770 ಹೀಗೆ ಬೆಸ ಪಟ್ಟುಗಳ ಮೇಲ್ಸ್ವರಗಳು ಹೊರಡುತ್ತವೆ. ಮೊದಲನೆಯದರ ಬಲ ಮೂಲಸ್ವರದ ಮೂರನೆಯ ಒಂದು ಪಾಲು, ಎರಡನೆಯದರದು ಐದನೆಯ ಒಂದು ಪಾಲು, ಮೂರನೆಯದರದು ಏಳನೆಯ ಒಂದು ಪಾಲು. ಒಂದೇ ಕಡೆ ಹೆಚ್ಚಾಗಿ ಕತ್ತರಿಸಿದರೆ 220, 440 ಮುಂತಾದ ಸಮ ಪಟ್ಟುಗಳೂ ಬಂದು ಕೂಡುತ್ತವೆ. ಮೂಲದಲ್ಲಿ ಇಲ್ಲದ ಸ್ವರಗಳನ್ನು ಕತ್ತರಿ ತಾನೇ ಹುಟ್ಟಿಸುತ್ತದೆ! ಕಳೆದದ್ದರಿಂದ ಕೂಡಿಕೊಂಡ ಲೆಕ್ಕ ಇದು.

ದೂರವಾಣಿಯ ಎಂಜಿನಿಯರುಗಳಿಗೆ ಈ ಬೇಡದ ಮೇಲ್ಸ್ವರಗಳು ದೊಡ್ಡ ಪೀಡೆಯಾಗಿದ್ದವು. ಅಮೆರಿಕದ ಒಂದು ಕಡಲಂಚಿನಿಂದ ಇನ್ನೊಂದಕ್ಕೆ ಮಾತು ಸಾಗಬೇಕಾದರೆ ನಡುವೆ ಅನೇಕ ವರ್ಧಕಗಳನ್ನು ದಾಟಬೇಕು. ಒಂದೊಂದೂ ಚೂರು ಚೂರು ಕೆಡಿಸಿದರೂ ಕೊನೆಗೆ ಉಳಿಯುವುದು ಗದ್ದಲವೇ. ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ ಎಂಬ ತರುಣ ವರ್ಷಗಟ್ಟಲೆ ಇದರ ಹಿಂದೆ ಬಿದ್ದಿದ್ದ. 1927ರ ಆಗಸ್ಟ್ 2ರ ಬೆಳಿಗ್ಗೆ ಹಡ್ಸನ್ ನದಿಯನ್ನು ದೋಣಿಯಲ್ಲಿ ದಾಟಿ ಕೆಲಸಕ್ಕೆ ಹೋಗುತ್ತಿರುವಾಗ ಅವನಿಗೆ ಉಪಾಯ ಹೊಳೆಯಿತು. ಬೇರೆ ಕಾಗದವಿರಲಿಲ್ಲ. ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹಾಳೆಯ ಮೇಲೆಯೇ ಗೀಚಿಕೊಂಡ. ವರ್ಧಕದಿಂದ ಹೊರಬಂದದ್ದರ ಒಂದು ಪಾಲನ್ನು ತಲೆಕೆಳಗು ಮಾಡಿ ಮತ್ತೆ ಬಾಗಿಲಿಗೇ ಕಳಿಸಬೇಕು. ಆಗ ವರ್ಧಕ ತನ್ನ ತಪ್ಪನ್ನು ತಾನೇ ಕಂಡು ತಾನೇ ತಿದ್ದಿಕೊಳ್ಳುತ್ತದೆ. ಹಿಗ್ಗಿಸುವ ಶಕ್ತಿ ಬಹಳಷ್ಟು ಖರ್ಚಾದರೂ ದನಿ ಹಸನಾಗುತ್ತದೆ. ಈ ಮರಳುದಾರಿಯನ್ನೇ ಫೀಡ್‌ಬ್ಯಾಕ್ ಎನ್ನುತ್ತಾರೆ. ನಾನು ಬಿಚ್ಚಿದ ಎಷ್ಟೋ ಒಳ್ಳೆಯ ರೇಡಿಯೋಗಳಲ್ಲಿ ಬ್ಲ್ಯಾಕನ ಈ ದಾರಿ ಇತ್ತು. ಇದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಎಂಜಿನಿಯರುಗಳು ಹೀಗೆ ಒಡಕನ್ನು ಅಟ್ಟುತ್ತಿದ್ದ ಕಾಲದಲ್ಲೇ ವಾದ್ಯಗಾರರಿಗೆ ಅದರ ರುಚಿ ಹತ್ತತೊಡಗಿತು. 1951ರ ಮಾರ್ಚಿಯಲ್ಲಿ ಐಕ್ ಟರ್ನರನ ತಂಡ ‘ರಾಕೆಟ್ 88’ ಎಂಬ ಹಾಡಿನ ಧ್ವನಿಮುದ್ರಣಕ್ಕಾಗಿ ಮೆಂಫಿಸ್ ನಗರಕ್ಕೆ ಬಂತು. ದಾರಿಯಲ್ಲಿ ಗಿಟಾರುಗಾರ ವಿಲಿ ಕಿಜಾರ್ಟನ ವರ್ಧಕಕ್ಕೆ ಪೆಟ್ಟಾಗಿತ್ತು. ಕಾರಿನಿಂದ ಬಿತ್ತೆಂದು ಕೆಲವರು, ಮಳೆಗೆ ನೆನೆಯಿತೆಂದು ಕೆಲವರು ಹೇಳುತ್ತಾರೆ. ಹರಿದ ಸ್ಪೀಕರಿಗೆ ಕಾಗದ ತುರುಕಿ ಹಾಗೆಯೇ ಬಾರಿಸಿದರು. ಧ್ವನಿಮುದ್ರಣ ಶಾಲೆಯ ಸ್ಯಾಮ್ ಫಿಲಿಪ್ಸ್ ಆ ಗೊರಗೊರ ದನಿಯನ್ನು ಮುಚ್ಚಿಡಲಿಲ್ಲ. ಎದುರಿಗೇ ತಂದು ನಿಲ್ಲಿಸಿದ. 1958ರಲ್ಲಿ ಲಿಂಕ್ ರೇ ‘ರಂಬಲ್’ ಎಂಬ ಕೃತಿಗಾಗಿ ಸ್ಪೀಕರಿನ ಕಾಗದಕ್ಕೆ ಪೆನ್ಸಿಲಿನಿಂದ ತೂತು ಹೊಡೆದ. 1964ರಲ್ಲಿ ಲಂಡನ್ನಿನಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ತನ್ನ ಪುಟ್ಟ ವರ್ಧಕದ ಸ್ಪೀಕರನ್ನು ಕ್ಷೌರದ ಅಲಗಿನಿಂದ ಸೀಳಿ ‘ಯೂ ರಿಯಲಿ ಗಾಟ್ ಮೀ’ ಹಾಡಿಗೆ ಬಾರಿಸಿದ.

ಇವೆಲ್ಲ ಸಾಹಸದ ಮಾತೇ ಸರಿ. ಆದರೆ ಸೀಳಿದ ಸ್ಪೀಕರು ಸೀಳಿದ್ದೇ. ಮುಂದಿನ ಹಾಡಿಗೆ ಶುದ್ಧ ದನಿ ಬೇಕೆಂದರೆ ಅದು ಕೊಡಲಾರದು. ನಾಳೆ ಇನ್ನಷ್ಟು ಹರಿದರೆ ಇಂದಿನ ಒಡಕೂ ಇರುವುದಿಲ್ಲ. ದೋಷವನ್ನು ಮೆಚ್ಚುವುದು ಒಂದು. ಬೇಕೆಂದಾಗ ಕರೆದು ಸಾಕೆಂದಾಗ ಕಳಿಸುವುದು ಇನ್ನೊಂದು. ಆ ಎರಡನೆಯ ಕೆಲಸ ನಡೆದದ್ದು ನ್ಯಾಶ್‌ವಿಲ್ ನಗರದಲ್ಲಿ.

1960ರಲ್ಲಿ ಅಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕನ ‘ಡೋಂಟ್ ವರಿ’ ಹಾಡು ಮುದ್ರಣವಾಗುತ್ತಿತ್ತು. ಗ್ರೇಡಿ ಮಾರ್ಟಿನ್ ಆರು ತಂತಿಯ ಬೇಸ್ ಗಿಟಾರನ್ನು ಬಾರಿಸುತ್ತಿದ್ದ. ಅವನ ಸರದಿ ಬಂದಾಗ ಮಧುರವಾದ ಆ ಹಾಡಿನ ನಡುವೆ ಕಣಜದ ಗೂಡಿಗೆ ಕೋಲಿಟ್ಟಂತೆ ಭರ್ರೆಂಬ ಸದ್ದು ಬಂತು. ಮುದ್ರಣದ ಮೇಜಿನೊಳಗೆ ಗಿಟಾರಿಗೆಂದು ಬಿಟ್ಟಿದ್ದ ದಾರಿಯ ಟ್ರಾನ್ಸ್‌ಫಾರ್ಮರೊಂದು ಕೆಟ್ಟಿತ್ತು. ಮತ್ತೆ ಬಾರಿಸೋಣವೇ ಎಂಬ ಚರ್ಚೆ ನಡೆದು, ಕೊನೆಗೆ ಹಾಗೆಯೇ ಬಿಟ್ಟರು. 1961ರಲ್ಲಿ ಆ ತಟ್ಟೆ ಹಳ್ಳಿಗಾಡಿನ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಜನಕ್ಕೆ ಹಾಡಿಗಿಂತ ಆ ಭರ್ರೆಂಬ ಸದ್ದೇ ಕಿವಿಯಲ್ಲಿ ನಿಂತಿತು.

ಆ ದಿನ ಮೇಜಿನ ಮುಂದೆ ಕುಳಿತಿದ್ದ ಎಂಜಿನಿಯರು ಗ್ಲೆನ್ ಸ್ನಾಡಿ. ಬೇರೆ ಗಾಯಕರೂ ಅವನ ಬಳಿ ಬಂದು ಅದೇ ದನಿ ಬೇಕೆಂದು ಕೇಳತೊಡಗಿದರು. ಅಷ್ಟರಲ್ಲಿ ಆ ಕೆಟ್ಟ ಭಾಗ ಪೂರ್ತಿ ಸತ್ತುಹೋಗಿತ್ತು. ಒಡಕು ದನಿಯೂ ಇಲ್ಲ, ಒಳ್ಳೆಯ ದನಿಯೂ ಇಲ್ಲ. ನನ್ನಂಥವನಾಗಿದ್ದರೆ ಹೊಸದೊಂದನ್ನು ಹಾಕಿ ಕೈತೊಳೆದುಕೊಳ್ಳುತ್ತಿದ್ದೆ. ಸ್ನಾಡಿ ಹಾಗೆ ಮಾಡಲಿಲ್ಲ. ರೆವಿಸ್ ಹಾಬ್ಸ್ ಎಂಬ ಸಹ ಎಂಜಿನಿಯರನೊಡನೆ ಕುಳಿತು, ಸತ್ತ ದೋಷವನ್ನು ಟ್ರಾನ್ಸಿಸ್ಟರುಗಳಿಂದ ಮರಳಿ ಕಟ್ಟಿದ. ಮೂರು ಜರ್ಮೇನಿಯಂ ಟ್ರಾನ್ಸಿಸ್ಟರು, ಒಂದೂವರೆ ವೋಲ್ಟಿನ ಎರಡು ಶೆಲ್ಲು, ಕಾಲಲ್ಲಿ ತುಳಿಯುವ ಒಂದು ಗುಂಡಿ. ಗಿಬ್ಸನ್ ಕಂಪನಿ ಅದನ್ನು ಕೊಂಡು 1962ರಲ್ಲಿ ‘ಮಾಯೆಸ್ಟ್ರೋ ಫಝ್-ಟೋನ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅದೇ ವರ್ಷ ಮೇ ತಿಂಗಳಲ್ಲಿ ಹಾಕಿದ ಅರ್ಜಿಗೆ 1965ರ ಅಕ್ಟೋಬರಿನಲ್ಲಿ ಇಬ್ಬರ ಹೆಸರಿನಲ್ಲೂ ಪೇಟೆಂಟು ಸಿಕ್ಕಿತು.

ನನಗೆ ಸ್ನಾಡಿಯ ಮೇಲೆ ಗೌರವ ಹುಟ್ಟಿದ್ದು ಈ ಗುಂಡಿಯಿಂದ. ಟ್ರಾನ್ಸಿಸ್ಟರುಗಳಿಂದ ದನಿ ಕೆಡಿಸುವುದು ಯಾರಿಗಾದರೂ ಬರುತ್ತದೆ. ನಮ್ಮ ಅಂಗಡಿಯ ಹೊಸ ಹುಡುಗರು ದಿನಬೆಳಗಾದರೆ ಅದನ್ನೇ ಮಾಡುತ್ತಿದ್ದರು! ಕೆಟ್ಟದ್ದನ್ನು ಒಂದೇ ಹದದಲ್ಲಿ ಕೆಡಿಸಿ, ಅದಕ್ಕೊಂದು ಬಾಗಿಲನ್ನೂ ಇಡುವುದು ಬೇರೆಯ ಮಾತು.

ಆದರೆ ಮೊದಮೊದಲು ಅದನ್ನು ಕೇಳುವವರಿರಲಿಲ್ಲ. ಗಿಟಾರಿನಿಂದ ತುತ್ತೂರಿ, ಕಹಳೆಗಳ ದನಿ ಹೊರಡಿಸಬಹುದೆಂದು ಕಂಪನಿ ಜಾಹೀರಾತು ಹೂಡಿತು. ಮಳಿಗೆಗಳಿಗೆ ಸಾವಿರಾರು ಪೆಟ್ಟಿಗೆಗಳು ಹೋದವು, ಹೋಗಿ ಅಲ್ಲೇ ಕುಳಿತವು. ಮೂರು ವರ್ಷ ಕಳೆದ ಮೇಲೆ, 1965ರ ಮೇ ತಿಂಗಳಲ್ಲಿ, ಹಾಲಿವುಡ್ಡಿನ ಮುದ್ರಣ ಶಾಲೆಯಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿಗೆ ಅದನ್ನು ಬಳಸಿದ. ಅವನ ಮನಸ್ಸಿನಲ್ಲಿ ಇದ್ದದ್ದು ತುತ್ತೂರಿಗಳೇ. ತುತ್ತೂರಿಯವರು ಬಂದು ಬಾರಿಸುವವರೆಗೆ ಗುರುತಿಗಿರಲಿ ಎಂದು ಪೆಡಲಿನಿಂದ ಆ ಪಲುಕನ್ನು ಬಾರಿಸಿದ್ದ. ಉಳಿದವರು ಇದೇ ಚೆನ್ನಾಗಿದೆ ಎಂದು ಹಾಗೆಯೇ ಬಿಡುಗಡೆ ಮಾಡಿಸಿದರು. ಆ ಹಾಡಿನಲ್ಲಿ ಒಡಕು ಸದಾ ಇರುವುದಿಲ್ಲ. ಬರುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ಬರುತ್ತದೆ. ಹರಿದ ಸ್ಪೀಕರಿನಿಂದ ಇದು ಸಾಧ್ಯವಿತ್ತೇ? ಆ ವರ್ಷ ಮುಗಿಯುವುದರೊಳಗೆ ಮಳಿಗೆಗಳಲ್ಲಿ ಧೂಳು ಹಿಡಿದಿದ್ದ ಪೆಟ್ಟಿಗೆಗಳೆಲ್ಲ ಖಾಲಿಯಾದವು.

ಅಲ್ಲಿಂದ ಮುಂದಿನದು ಕತ್ತರಿಯ ಹದದ ಚರಿತ್ರೆ. 1966ರಲ್ಲಿ ಲಂಡನ್ನಿನ ಐವರ್ ಆರ್ಬಿಟರನ ಕಂಪನಿ ‘ಫಝ್ ಫೇಸ್’ ಎಂಬ ದುಂಡನೆಯ ಪೆಡಲನ್ನು ತಂದಿತು. ಅದರೊಳಗೆ ಎರಡೇ ಟ್ರಾನ್ಸಿಸ್ಟರು. ಜಿಮಿ ಹೆಂಡ್ರಿಕ್ಸನ ಕಾಲಡಿ ಇದ್ದು ಅದು ಹೆಸರಾಯಿತು. ಮೊದಲಿನವುಗಳಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರು. ಅದರ ಗುಣ ನನಗೆ ಚೆನ್ನಾಗಿ ಗೊತ್ತು. ಹಳೆಯ ಟ್ರಾನ್ಸಿಸ್ಟರ್ ರೇಡಿಯೋಗಳು ಬೇಸಗೆಯ ಮಧ್ಯಾಹ್ನ ಮುನಿಸಿಕೊಳ್ಳುತ್ತಿದ್ದುದು ಅದರಿಂದಲೇ. ಸುಮಾರು 10 ಡಿಗ್ರಿ ಶಾಖ ಏರಿದರೆ ಅದರೊಳಗಿನ ಸೋರುವಿದ್ಯುತ್ತು ಇಮ್ಮಡಿಯಾಗುತ್ತದೆ. ತಂಪು ಕೋಣೆಯಲ್ಲಿ ಇಂಪಾಗಿದ್ದ ಪೆಡಲು ದೀಪಗಳ ಬಿಸಿಗೆ ವೇದಿಕೆಯ ಮೇಲೆ ಬೇರೆಯೇ ದನಿ ಎತ್ತುತ್ತಿತ್ತು. ಮುಂದೆ ಸಿಲಿಕಾನ್ ಟ್ರಾನ್ಸಿಸ್ಟರುಗಳು ಬಂದವು. ಶಾಖಕ್ಕೆ ಜಗ್ಗುವುದಿಲ್ಲ, ಆದರೆ ದನಿ ಹೆಚ್ಚು ಚೂಪು.

ವಾಲ್ವು ಅಲೆಯ ತಲೆಯನ್ನು ಸವರುತ್ತದೆ. ಟ್ರಾನ್ಸಿಸ್ಟರು ಕೊಡಲಿಯಿಂದ ಕಡಿದಂತೆ ಕಡಿಯುತ್ತದೆ. ಕಡಿತದ ಅಂಚು ಚೂಪಾದಷ್ಟೂ ಬಹಳ ಮೇಲಿನ ಮೇಲ್ಸ್ವರಗಳು ಎದ್ದು ಕಿವಿಗೆ ಚುಚ್ಚುತ್ತವೆ. ಹಾಗಾಗಿ ಕಡಿಯುವ ಕೆಲಸವನ್ನು ಟ್ರಾನ್ಸಿಸ್ಟರಿನಿಂದ ತೆಗೆದು ಡಯೋಡುಗಳಿಗೆ ಒಪ್ಪಿಸುವುದು ರೂಢಿಗೆ ಬಂತು. ಡಯೋಡು ಒಂದು ಮಟ್ಟದವರೆಗೆ ಮುಚ್ಚಿದ ಬಾಗಿಲು. ಆ ಮಟ್ಟ ಮೀರಿದರೆ ತೆರೆದುಕೊಂಡು ಹೆಚ್ಚಾದದ್ದನ್ನು ಹರಿಯಬಿಡುತ್ತದೆ. ಜರ್ಮೇನಿಯಂ ಸುಮಾರು 0.3 ವೋಲ್ಟಿಗೆ, ನಿಧಾನವಾಗಿ ತೆರೆಯುತ್ತದೆ. ಸಿಲಿಕಾನ್ ಸುಮಾರು 0.6 ವೋಲ್ಟಿಗೆ, ಥಟ್ಟನೆ ತೆರೆಯುತ್ತದೆ. 1969ರಲ್ಲಿ ನ್ಯೂಯಾರ್ಕಿನ ಮೈಕ್ ಮ್ಯಾಥ್ಯೂಸ್ ಹೊರತಂದ ‘ಬಿಗ್ ಮಫ್’ ಪೆಡಲಿನಲ್ಲಿ ಅಲೆಯನ್ನು ಒಂದರ ಹಿಂದೊಂದು ಎರಡು ಸಲ ಡಯೋಡುಗಳಿಂದ ಸವರುತ್ತಾರೆ. 1970ರ ದಶಕದಲ್ಲಿ ಬಂದ ಎಮ್‌ಎಕ್ಸ್‌ಆರ್ ಕಂಪನಿಯ ‘ಡಿಸ್ಟಾರ್ಷನ್ ಪ್ಲಸ್’ ಪೆಡಲಿನಲ್ಲಿ ಎರಡು ಜರ್ಮೇನಿಯಂ ಡಯೋಡುಗಳು ಎದುರುಬದುರಾಗಿ ನೆಲಕ್ಕೆ ಸೇರಿವೆ. ನಮ್ಮ ಹುಡುಗನ ಪೆಟ್ಟಿಗೆಯೂ ಇದೇ ವಂಶದ್ದು.

ಇನ್ನು, ನೆನಪಿನಲ್ಲಿಡಿ ಎಂದು ಹೇಳಿದ ಬ್ಲ್ಯಾಕನ ಮರಳುದಾರಿಗೆ ಬರೋಣ. 1979ರಲ್ಲಿ ಜಪಾನಿನಲ್ಲಿ ‘ಟ್ಯೂಬ್ ಸ್ಕ್ರೀಮರ್’ ಎಂಬ ಪೆಡಲು ಹೊರಬಂತು. ರೂಪಿಸಿದವನು ಸುಸುಮು ತಮುರಾ. ಇದರಲ್ಲಿ ಡಯೋಡುಗಳು ನೆಲಕ್ಕೆ ಸೇರಿಲ್ಲ. ವರ್ಧಕದ ಫೀಡ್‌ಬ್ಯಾಕ್ ದಾರಿಯಲ್ಲೇ ಕುಳಿತಿವೆ! ಅಲೆ ಚಿಕ್ಕದಿರುವಾಗ ವರ್ಧಕ ಅದನ್ನು ಹಿಗ್ಗಿಸುತ್ತದೆ. ತಿರುಗಣೆ ತಿರುಗಿಸಿದಂತೆ 12 ಪಟ್ಟಿನಿಂದ 118 ಪಟ್ಟಿನವರೆಗೆ. ಅಲೆ ದೊಡ್ಡದಾಗಿ ಡಯೋಡು ತೆರೆದಾಗ ಹಿಗ್ಗಿಸುವುದು ನಿಲ್ಲುತ್ತದೆ; ಆದರೆ ಮೂಲದ ಅಲೆ ತನ್ನ ಅಳತೆಯಲ್ಲಿ ಹಾದುಹೋಗುತ್ತಲೇ ಇರುತ್ತದೆ. ಹಾಗಾಗಿ ತಲೆ ಪೂರ್ತಿ ಚಪ್ಪಟೆಯಾಗದೆ ದುಂಡಗೆ ಉಳಿಯುತ್ತದೆ. ಬಾರಿಸಿದವನ ಬೆರಳಿನ ಭಾರ ಒಡಕಿನೊಳಗಿಂದಲೂ ಕೇಳುತ್ತದೆ. ಕತ್ತರಿಗೆ ಮುಂಚೆ 720 ಕಂಪನಗಳಿಗಿಂತ ಕೆಳಗಿನದನ್ನು ಸ್ವಲ್ಪ ಸ್ವಲ್ಪವಾಗಿ ತಗ್ಗಿಸುವ ಏರ್ಪಾಡೂ ಉಂಟು. ಮಂದ್ರ ಸ್ವರಗಳನ್ನು ಹೆಚ್ಚು ಕತ್ತರಿಸಿದರೆ ಬರುವುದು ಕೆಸರು. ಒಡಕನ್ನು ಓಡಿಸಲೆಂದು 1927ರಲ್ಲಿ ಬ್ಲ್ಯಾಕ್ ಕಡಿದ ದಾರಿಯಲ್ಲೇ ಅರ್ಧ ಶತಮಾನದ ಮೇಲೆ ಒಡಕು ಬಂದು ಮನೆಮಾಡಿತು. ಆ ಚಿತ್ರಪಟವನ್ನು ಮೊದಲ ಸಲ ನೋಡಿದಾಗ ನಾನು ಗಟ್ಟಿಯಾಗಿ ನಕ್ಕೆ. ನಕ್ಕ ಮೇಲೆ ಕೈಮುಗಿಯೋಣವೆನಿಸಿತು.

ಇದರಿಂದ ಸಂಗೀತಕ್ಕೆ ಆದದ್ದೇನು? ಶುದ್ಧ ವರ್ಧಕದಲ್ಲಿ ಎರಡು ಸ್ವರ ಕೂಡಿ ಬಾರಿಸಿದರೆ ಎರಡೇ ಕೇಳುತ್ತವೆ. ಕತ್ತರಿಯ ಮೂಲಕ ಹಾದಾಗ ಅವು ಒಂದರೊಡನೊಂದು ಬೆರೆತು ಹೊಸ ಸ್ವರಗಳನ್ನು ಹೆರುತ್ತವೆ. 110ರ ಷಡ್ಜವನ್ನೂ 165ರ ಪಂಚಮವನ್ನೂ ಕೂಡಿಸಿ ಕತ್ತರಿಸಿದರೆ 55 ಕಂಪನಗಳ ಕೆಳಸ್ಥಾಯಿಯ ಷಡ್ಜವೊಂದು ಬಾರಿಸದೆಯೇ ಎದ್ದು ನಿಲ್ಲುತ್ತದೆ. ಎರಡು ತಂತಿಗೆ ಗುಡುಗಿನ ಗಾತ್ರ ಬರುವುದು ಹೀಗೆ. ಗಾಂಧಾರವನ್ನೂ ಸೇರಿಸಿದಿರೋ, ಗಿಟಾರಿನ ಮೆಟ್ಟಿಲುಗಳಲ್ಲಿ ಅದು ಸರಿಯಾದ ಅನುಪಾತಕ್ಕಿಂತ ಚೂರು ಏರಿ ನಿಂತಿರುವುದರಿಂದ, ಹುಟ್ಟುವ ಸ್ವರಗಳೂ ಒಂದಕ್ಕೊಂದು ಹೊಂದದೆ ಹೊಡೆದಾಡುತ್ತವೆ. ರಾಕ್ ಸಂಗೀತದ ಗಿಟಾರುಗಾರರು ಗಾಂಧಾರ ಬಿಟ್ಟು ಬರಿಯ ಷಡ್ಜ-ಪಂಚಮಕ್ಕೆ ಅಂಟಿಕೊಂಡದ್ದರಲ್ಲಿ ಡಯೋಡಿನ ಕೈವಾಡವೂ ಇದೆ.

ಷಡ್ಜ-ಪಂಚಮ ಎಂದಾಗ ನಮ್ಮ ತಂಬೂರಿ ನೆನಪಾಗದಿರುತ್ತದೆಯೇ? ತಂಬೂರಿಯ ಕುದುರೆಯ ಮೇಲೆ, ತಂತಿಯಡಿಯಲ್ಲಿ, ನಾವು ಒಂದು ನೂಲಿನೆಳೆಯನ್ನು ಸರಿಸಿ ಜೀವಾಳಿ ಕೂಡಿಸುತ್ತೇವೆ. ಎಳೆ ಹದವಾದ ಜಾಗದಲ್ಲಿ ನಿಂತಾಗ ಕಂಪಿಸುವ ತಂತಿ ಕುದುರೆಯ ಬಾಗಿದ ಮೈಯನ್ನು ಪ್ರತಿ ಸಲವೂ ಸವರಿ ಝೇಂಕರಿಸುತ್ತದೆ. ತಂತಿಯ ಓಟಕ್ಕೆ ಒಂದು ಕಡೆ ತಡೆಯಿಟ್ಟಂತೆ. ಸಿ. ವಿ. ರಾಮನ್ನರು ಬೆಂಗಳೂರಿಗೆ ಬರುವುದಕ್ಕೆ ಬಹಳ ಮುಂಚೆ, ಕಲ್ಕತ್ತೆಯಲ್ಲಿದ್ದಾಗ, 1921ರ ಸುಮಾರಿನಲ್ಲಿ ಇದನ್ನು ಪರೀಕ್ಷಿಸಿದ್ದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮಿಡಿದರೆ ಒಂದು ಮೇಲ್ಸ್ವರ ಹುಟ್ಟಲೇಬಾರದೋ, ಅಲ್ಲಿ ಮಿಡಿದರೂ ತಂಬೂರಿ ವೀಣೆಗಳಲ್ಲಿ ಅದು ಸ್ಪಷ್ಟವಾಗಿ ಕೇಳುತ್ತದೆಂದು ತೋರಿಸಿ, ಕುದುರೆಯ ವಿಶೇಷವೇ ಇದಕ್ಕೆ ಕಾರಣವೆಂದರು. ತಂಬೂರಿಯೂ ಫಝ್ ಪೆಡಲೂ ಒಂದೇ ಎಂದು ನಾನು ಹೇಳುತ್ತಿಲ್ಲ. ಹೇಳಿದರೆ ನಮ್ಮ ಸಂಗೀತ ವಿದ್ವಾಂಸರು ಕ್ಷಮಿಸಲಾರರು. ಅಲೆಯ ನಡಿಗೆಗೆ ಹದವಾದ ಅಡ್ಡಿಯೊಡ್ಡಿದರೆ ದನಿಗೆ ಜೀವ ಬರುತ್ತದೆ ಎಂಬುದು ನಮ್ಮ ಹಿರಿಯರಿಗೆ ಹೊಸ ಸುದ್ದಿಯೇನಲ್ಲ ಎಂದಷ್ಟೇ ನನ್ನ ಮಾತು. ಆ ಹದಕ್ಕೆ ಅವರು ಇಟ್ಟ ಹೆಸರಿನಲ್ಲೇ ಜೀವ ಇದೆ.

ಪೆಟ್ಟಿಗೆಯ ತಂತಿ ಬೆಸೆದಾದ ಮೇಲೆ ಹುಡುಗನೂ ನಾನೂ ಒಂದು ಭಾನುವಾರವೆಲ್ಲ ಡಯೋಡುಗಳನ್ನು ಬದಲಿಸಿ ನೋಡಿದೆವು. ಹಳೆಯ ಡಬ್ಬಿಯಲ್ಲಿ ನನ್ನ ಬಳಿ ಕೆಲವು ಜರ್ಮೇನಿಯಂ ಡಯೋಡುಗಳು ಉಳಿದಿದ್ದವು. ಅವನ್ನು ಹಾಕಿದಾಗ ದನಿ ತಗ್ಗಿ, ಗಂಟಲು ಕಟ್ಟಿದವನ ಮಾತಿನಂತೆ ಮೆತ್ತಗಾಯಿತು. ಸಿಲಿಕಾನ್ ಹಾಕಿದಾಗ ಹಲ್ಲು ಮೂಡಿತು. ಕೆಂಪು ದೀಪದ ಡಯೋಡು 1.6 ವೋಲ್ಟಿನಷ್ಟಕ್ಕೆ ತೆರೆಯುವುದರಿಂದ ಅದನ್ನು ಹಾಕಿದಾಗ ದನಿ ಜೋರಾಗಿಯೂ ಬಿಚ್ಚಾಗಿಯೂ ಬಂತು. ಒಂದು ಕಡೆಗೆ ಎರಡು, ಇನ್ನೊಂದು ಕಡೆಗೆ ಒಂದು ಹಾಕಿ ನೋಡಿದೆವು. ಮೇಲಿನ ಷಡ್ಜ ನವುರಾಗಿ ಇಣುಕಿತು. ಹುಡುಗ ಪ್ರತಿ ಸಲವೂ ಕಣ್ಣುಮುಚ್ಚಿ ಕೇಳಿ, “ಬೇಡ”, “ಇನ್ನೂ ಸ್ವಲ್ಪ”, “ಹ್ಞಾ, ಇದು” ಎನ್ನುತ್ತಿದ್ದ. ನಾನು ಅಳತೆಯ ಯಂತ್ರವನ್ನು ಬದಿಗಿಟ್ಟು ಅವನ ಮುಖವನ್ನೇ ನೋಡಿ ಬೆಸೆಯತೊಡಗಿದೆ.

ಆಗ 1970ರ ದಶಕದ ಒಂದು ಸಂಗತಿ ನೆನಪಾಯಿತು. ವಯಸ್ಸಾದ ಒಬ್ಬ ಮೇಷ್ಟರು ಒಂದು ವಾಲ್ವ್ ರೇಡಿಯೋವನ್ನು ಅಂಗಡಿಗೆ ತಂದಿದ್ದರು. ಮುಳ್ಳು ತಿರುಗುತ್ತಿಲ್ಲ, ದಾರ ಕಟ್ಟಿಕೊಡಿ ಎಂದಷ್ಟೇ ಹೇಳಿದ್ದರು. ಬಿಚ್ಚಿ ನೋಡಿದರೆ ಸ್ಪೀಕರಿನ ಕಾಗದ ಅಂಚಿನಲ್ಲಿ ಸೀಳಿತ್ತು. ದನಿ ಸಣ್ಣಗೆ ಒಡೆಯುತ್ತಿತ್ತು. ನಾನು ಉತ್ಸಾಹದಿಂದ ಹೊಸ ಸ್ಪೀಕರನ್ನು ಹಾಕಿ, ಅದಕ್ಕೆ ದುಡ್ಡನ್ನೂ ಕೇಳದೆ ಕಳಿಸಿದೆ. ನಾಲ್ಕು ದಿನದ ಮೇಲೆ ಅವರು ಮತ್ತೆ ಬಂದರು. “ದನಿ ಬಹಳ ಚೆನ್ನಾಗಿದೆ. ಆದರೆ ಇದು ನಮ್ಮನೆಯ ರೇಡಿಯೋ ಅಲ್ಲ. ಹಳೆಯ ಸ್ಪೀಕರು ಇದೆಯೇ?” ಎಂದು ಮೆಲ್ಲಗೆ ಕೇಳಿದರು. ನಾನು ಅದನ್ನು ಎಂದೋ ಗುಜರಿಗೆ ಹಾಕಿದ್ದೆ. “ಹೋಗಲಿ ಬಿಡಿ” ಎಂದು ಅವರು ಹೊರಟುಹೋದರು. ಒಳ್ಳೆಯದು ಮಾಡಿದರೂ ಬೇಡವೆನ್ನುತ್ತಾರಲ್ಲ ಎಂದು ಆಗ ನನಗೆ ಸಿಟ್ಟೇ ಬಂದಿತ್ತು.

ನಮ್ಮ ಬೀದಿಯ ಉತ್ಸವದ ಧ್ವನಿವರ್ಧಕ ಒಡೆದ ದನಿಯಲ್ಲಿ ಅರಚುವಾಗ ನನಗೆ ಈಗಲೂ ತಲೆನೋವು ಬರುತ್ತದೆ. ಅಲ್ಲಿ ಒಡಕನ್ನು ಯಾರೂ ಆರಿಸಿಕೊಂಡಿಲ್ಲ, ನಿಲ್ಲಿಸುವ ಗುಂಡಿ ಕೇಳುವವರ ಕೈಯಲ್ಲೂ ಇಲ್ಲ. ಅದನ್ನು ದೋಷವೆನ್ನಲು ನನಗೆ ಅನುಮಾನವಿಲ್ಲ. ಆದರೆ ಮೇಷ್ಟರ ರೇಡಿಯೋದಲ್ಲಿ ಇದ್ದದ್ದು ಅದೇ ದೋಷವೇ? ಅದು ಬೇಕೋ ಬೇಡವೋ ಎಂದು ನಾನು ಅವರನ್ನು ಕೇಳಲಿಲ್ಲ. ಕೆಟ್ಟ ಟ್ರಾನ್ಸ್‌ಫಾರ್ಮರಿನ ಎದುರು ಕುಳಿತ ಸ್ನಾಡಿ, ಅದನ್ನು ಕೇಳಿಕೊಂಡು ಬಂದವರ ಮಾತಿಗೆ ಕಿವಿಗೊಟ್ಟ. ನಾನು ದಾರ ಕಟ್ಟಲು ಬಂದ ರೇಡಿಯೋದ ದನಿಯನ್ನೇ ಬದಲಿಸಿದೆ.

ಹುಡುಗ ಹೊರಡುವಾಗ ಉಳಿದ ಜರ್ಮೇನಿಯಂ ಡಯೋಡುಗಳನ್ನು ಅವನ ಕೈಗೆ ಹಾಕಿದೆ. ಅವನು ತೆಗೆದು ಬಿಟ್ಟಿದ್ದ ಹಳೆಯ ಜೋಡಿಯನ್ನು ಮಾತ್ರ ಕಾಗದದಲ್ಲಿ ಸುತ್ತಿ, ಮೇಲೆ ಅವನ ಹೆಸರು ಬರೆದು, ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ. ಎಂದಾದರೂ ಬಂದು ಹಳೆಯ ದನಿಯೇ ಬೇಕೆಂದು ಕೇಳಿದರೆ ಕೊಡಬೇಕಲ್ಲ.